ಶಿರಸಿಯಲ್ಲಿ ಮಾಡಿದ ಸ್ಕೀ, ಗುಲ್ಮಾರ್ಗದ ಪುಡಿಹಿಮ: ಪರೀಕ್ಷೆ ಮಾಡುವುದು ಹೇಗೆ?

ಸ್ಕೀ ಎಂದರೆ ಹಿಮದ ಮೇಲೆ ಜಾರಲು ಎರಡೂ ಕಾಲಿಗೆ ಕಟ್ಟಿಕೊಳ್ಳುವ ಉದ್ದನೆಯ ಹಲಗೆ. ಇಷ್ಟನ್ನು ನಮ್ಮೂರ ಆಚಾರಿಯವರಿಗೆ ತಿಳಿಸಿ ಹೇಳಲು ನನಗೆ ಒಂದು ಸಂಜೆ ಪೂರ್ತಿ ಹಿಡಿಯಿತು. ಎಲ್ಲವನ್ನೂ ಕೇಳಿಸಿಕೊಂಡು, ಕೀಸುಳಿಯನ್ನು ಕೆಳಗಿಟ್ಟು ಅವರು ಹೇಳಿದ್ದು ಇಷ್ಟೇ: “ಅಲ್ಲ ತಮ್ಮಾ, ಬಾಗಿಲಾದರೆ ಇಲ್ಲೇ ಕೂರಿಸಿ ನೋಡಬಹುದು. ಇದು ಎರಡು ಸಾವಿರ ಕಿಲೋಮೀಟರ್ ಆಚೆ ಹೋಗಿ ಮುರಿದರೆ ರಿಪೇರಿಗೆ ನನ್ನನ್ನು ಕರೆಸುತ್ತೀಯಾ?”

ಅಂದು ನಗು ಬಂತು. ಮೊದಲ ಜೋಡಿಯನ್ನು ಕಾಶ್ಮೀರದ ಗುಲ್ಮಾರ್ಗಕ್ಕೆ ಹೊತ್ತೊಯ್ದು ಅರ್ಧ ದಿನದಲ್ಲೇ ಅದರ ಬಾಲ ಬಿಚ್ಚಿಕೊಂಡಾಗ ಆ ಮಾತು ನೆನಪಾಯಿತು. ಈಗ ಮೂರನೆಯ ಜೋಡಿ ಕಾಲಲ್ಲಿದೆ. ಈ ನಡುವೆ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಕರಾವಳಿಯಲ್ಲೋ ಮಲೆನಾಡಿನಲ್ಲೋ ಕುಳಿತು ಸ್ಕೀ ಮಾಡುವ ಹುಚ್ಚು ಇನ್ನೂ ಒಬ್ಬಿಬ್ಬರಿಗೆ ಇದ್ದೀತು ಎಂಬ ನಂಬಿಕೆಯಿಂದ.

ನಾನು ಹೇಳುತ್ತಿರುವುದು ಫ್ರೀರೈಡ್ ಸ್ಕೀ. ಯಂತ್ರ ಹಾಯಿಸಿ ಹದಗೊಳಿಸಿದ ದಾರಿಯನ್ನು ಬಿಟ್ಟು, ಹಿಮ ಬಿದ್ದಂತೆಯೇ ಇರುವ ಇಳಿಜಾರಿನಲ್ಲಿ ಇಳಿಯಲು ಮಾಡಿದ್ದು. ಹಾಗಾಗಿ ಅಗಲ ಹೆಚ್ಚು. ನನ್ನದು 184 ಸೆಂ.ಮೀ. ಉದ್ದ, ಮೂತಿಯಲ್ಲಿ 138, ನಡುವಿನಲ್ಲಿ 112, ಬಾಲದಲ್ಲಿ 128 ಮಿ.ಮೀ. ಅಗಲ. ಒಳಗೆ ಬಿದಿರು ಮತ್ತು ಸಿಲ್ವರ್ ಓಕ್ ಪಟ್ಟಿಗಳ ತಿರುಳು, ಅದರ ಮೇಲೂ ಕೆಳಗೂ ಫೈಬರ್ ಗ್ಲಾಸ್ ಬಟ್ಟೆ, ಎಲ್ಲವನ್ನೂ ಕಚ್ಚಿ ಹಿಡಿಯಲು ಎಪಾಕ್ಸಿ ಅಂಟು, ತಳಕ್ಕೆ ಪಾಲಿಥಿಲೀನ್ ಹಾಳೆ, ಅಂಚಿಗೆ ಉಕ್ಕಿನ ಪಟ್ಟಿ. ಸಾಮಾನು ಸಮೇತ 90 ಕಿಲೋ ತೂಗುವ ಮನುಷ್ಯ ಬರೀ ಬೂಟಿನಲ್ಲಿ ನಿಂತರೆ ಹಿಮದ ಮೇಲೆ ಚದರ ಸೆಂಟಿಮೀಟರಿಗೆ ಸುಮಾರು 150 ಗ್ರಾಂ ಭಾರ ಬೀಳುತ್ತದೆ. ಈ ಸ್ಕೀ ಮೇಲೆ ನಿಂತರೆ ಸುಮಾರು 20 ಗ್ರಾಂ. ಕೆಸರುಗದ್ದೆಗೆ ಹಲಗೆ ಹಾಸಿ ದಾಟುವ ಲೆಕ್ಕವೇ ಇದು.

ತೊಡಕು ಇರುವುದು ಹಿಮದಲ್ಲಿ. ಪುಡಿಹಿಮಕ್ಕೆ ತಪ್ಪು ಮುಚ್ಚಿಡುವ ಗುಣವಿದೆ. ಅಂಚು ಮೊಂಡಾಗಿರಲಿ, ತಳ ಸ್ವಲ್ಪ ಉಬ್ಬಿರಲಿ, ಎಡ ಬಲ ಸ್ಕೀಗಳ ಬಿಗಿತ ಬೇರೆ ಬೇರೆಯಾಗಿರಲಿ, ಮೊಣಕಾಲುದ್ದ ಮೆತ್ತನೆಯ ಹಿಮದೊಳಗೆ ಯಾವುದೂ ತಿಳಿಯುವುದಿಲ್ಲ. ಮೊದಲ ಜೋಡಿಯನ್ನು ನೇರವಾಗಿ ಅಂಥ ಹಿಮಕ್ಕೆ ಇಳಿಸಿ, ಎಂಥಾ ಸ್ಕೀ ಮಾಡಿದೆ ಎಂದು ಬೀಗಿದವನು ನಾನು. ಕೆಳಗೆ ಗೊಂಡೋಲಾ, ಅಂದರೆ ಬೆಟ್ಟಕ್ಕೆ ಒಯ್ಯುವ ಕೇಬಲ್ ಕಾರಿನ ನಿಲ್ದಾಣದ ಬಳಿ ತುಳಿದು ಗಟ್ಟಿಯಾದ ಹಿಮ ಸಿಕ್ಕಾಗ ಬಲಗಾಲಿನ ಸ್ಕೀ ನನ್ನ ಮಾತು ಕೇಳಲಿಲ್ಲ. ಆದ್ದರಿಂದ ಆಳದ ಹಿಮಕ್ಕೆಂದು ಮಾಡಿದ ಸ್ಕೀಯನ್ನು ಆಳದ ಹಿಮದಲ್ಲಿ ಪರೀಕ್ಷಿಸುವುದು ಕಟ್ಟಕಡೆಯ ಕೆಲಸ. ಮುಕ್ಕಾಲು ಪರೀಕ್ಷೆ ಮನೆಯ ಜಗುಲಿಯಲ್ಲೇ ಆಗಬೇಕು.

ಇನ್ನೊಂದು ಷರತ್ತು: ಪರೀಕ್ಷೆ ಮಾಡುವವರಿಗೆ ಪುಡಿಹಿಮದಲ್ಲಿ ಇಳಿಯಲು ಮೊದಲೇ ಬರಬೇಕು. ಸವಾರನೂ ಹೊಸಬ, ಸ್ಕೀಯೂ ಹೊಸದು ಎಂದಾದರೆ ಬಿದ್ದಾಗ ತಪ್ಪು ಯಾರದೆಂದು ಹೇಳುವವರು ಯಾರು? ಕಲಿಯಬೇಕಾದವರಿಗೆ ಗುಲ್ಮಾರ್ಗದಲ್ಲಿ ಕೇಂದ್ರ ಸರ್ಕಾರದ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆಯೇ ಇದೆ.

ಜಗುಲಿಯ ಮೇಲಿನ ಪರೀಕ್ಷೆಗಳು

ಹಲಸಿನಹಣ್ಣನ್ನು ಬಡಿದು ನೋಡಿ ಕೊಯ್ಯುವ ಊರಿನವರಿಗೆ ಮೊದಲ ಪರೀಕ್ಷೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಒಂದು ನಾಣ್ಯದ ಅಂಚಿನಿಂದ ಮೂತಿಯಿಂದ ಬಾಲದವರೆಗೆ, ಎರಡೆರಡು ಬೆರಳು ಬಿಟ್ಟು, ಮೇಲೂ ಕೆಳಗೂ ಬಡಿಯುತ್ತಾ ಹೋಗಿ. ಚೆನ್ನಾಗಿ ಅಂಟಿದ ಕಡೆ ಸದ್ದು ಚುರುಕಾಗಿ, ಒಂದೇ ಸಮನಾಗಿ ಬರುತ್ತದೆ. ಒಳಗೆ ಪದರ ಬಿಟ್ಟಿದ್ದರೆ ಅಲ್ಲಿ ಸದ್ದು ಸತ್ತು ‘ಡಬ್’ ಎನ್ನುತ್ತದೆ. ಆ ಜಾಗಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿ, ತಾರೀಖು ಬರೆಯಿರಿ. ಫ್ಯಾನ್ ಆರಿಸಿ, ರೇಡಿಯೋ ನಿಲ್ಲಿಸಿ ಮಾಡಬೇಕಾದ ಕೆಲಸ. ನನ್ನ ಮೊದಲ ಜೋಡಿಯ ಬಾಲದಲ್ಲಿ ಇಂಥ ‘ಡಬ್’ ಕೇಳಿಸಿತ್ತು. ಸುತ್ತು ಹಾಕಿಯೂ, ಮಳೆಯ ಸದ್ದಿರಬೇಕೆಂದು ಸಮಾಧಾನ ಮಾಡಿಕೊಂಡೆ.

ಅದು ಆಷಾಢ. ತಪ್ಪಿನ ಬೇರು ಇದ್ದದ್ದೂ ಅಲ್ಲೇ. ನಮ್ಮ ಕಡೆ ಮಳೆಗಾಲದಲ್ಲಿ ಗಾಳಿಯ ತೇವಾಂಶ ಶೇ 85–90 ಇದ್ದಾಗ ಮರ ತನ್ನ ಒಣ ತೂಕದ ಶೇ 18–20ರಷ್ಟು ನೀರನ್ನು ಹೀರಿ ಕುಳಿತಿರುತ್ತದೆ. ಸ್ಕೀ ತಿರುಳಿಗೆ ಶೇ 8ರ ಆಸುಪಾಸು ಇದ್ದರೆ ಚೆಂದ. ಮೇಲಾಗಿ ಎಪಾಕ್ಸಿಯ ಗಟ್ಟಿಕಾರಕವೂ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡನ್ನು ಹಿಡಿದು ಮೇಲ್ಮೈಯಲ್ಲಿ ಮೇಣದಂಥ ಜಿಗುಟು ಪದರ ಬಿಡುತ್ತದೆ; ಅದರ ಮೇಲೆ ಬಳಿದ ಇನ್ನೊಂದು ಪದರ ಕಚ್ಚಿಕೊಳ್ಳುವುದಿಲ್ಲ. ಅಂಟಿಸುವ ಕೆಲಸವನ್ನು ಅಡಿಕೆ ಒಣಗುವ ದಿನಗಳಿಗೆ ಇಟ್ಟುಕೊಳ್ಳಿ. ಬಿಸಿಲಲ್ಲಿ ಒಣಗಿಸಿದ ಪಟ್ಟಿಗಳನ್ನು ಬಲ್ಬ್ ಉರಿಯುವ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ದಿನವೂ ತೂಗಿ. ಮೂರು ದಿನ ತೂಕ ಇಳಿಯದೆ ನಿಂತರೆ ಮರ ಸಿದ್ಧ ಎಂದರ್ಥ. ಆಚಾರಿಯವರು “ಮಳೆ ಹೋಗಲಿ ತಡೆ” ಎಂದು ಎರಡು ಬಾರಿ ಹೇಳಿದ್ದರು.

ಆಮೇಲೆ ಬಾಗಿಸಿ ನೋಡುವುದು. ಎರಡು ಬೆಂಚುಗಳ ನಡುವೆ ಒಂದೂವರೆ ಮೀಟರ್ ಅಂತರ ಬಿಟ್ಟು ಸ್ಕೀಯನ್ನು ಅಡ್ಡ ಇಡಿ. ನಡುವಿಗೆ ಹಗ್ಗ ಕಟ್ಟಿ ನೀರು ತುಂಬಿದ 20 ಲೀಟರಿನ ಕ್ಯಾನ್ ತೂಗುಹಾಕಿ. ನೆಲದಿಂದ ಇರುವ ಎತ್ತರವನ್ನು ಮೊದಲೂ ಆಮೇಲೂ ಅಳೆದರೆ ಎಷ್ಟು ಜಗ್ಗಿತೆಂದು ಸಿಗುತ್ತದೆ. ಕ್ಯಾನ್ ಅದೇ, ನೀರು ಅಷ್ಟೇ, ಬೆಂಚಿನ ಜಾಗ ಕದಲಬಾರದು. ಇನ್ನೊಂದು ಸ್ಕೀಯನ್ನು ಇಟ್ಟು ಮತ್ತೆ ಅಳೆಯಿರಿ. ನನ್ನ ಮೊದಲ ಜೋಡಿಯಲ್ಲಿ ಎಡದ್ದು 62 ಮಿ.ಮೀ. ಜಗ್ಗಿದರೆ ಬಲದ್ದು 70 ಜಗ್ಗಿತು. ಕಾರಣ ಹುಡುಕಿದರೆ ಬಲದ ತಿರುಳು 11.5 ಮಿ.ಮೀ. ಇರಬೇಕಾದಲ್ಲಿ 11 ಇತ್ತು. ಅರ್ಧ ಮಿಲಿಮೀಟರಿಗೆ ಇಷ್ಟು ದೊಡ್ಡ ವ್ಯತ್ಯಾಸವೇ ಎಂದರೆ ಹೌದು. ಬಿಗಿತ ಹೆಚ್ಚುಕಡಿಮೆ ದಪ್ಪದ ಘನವನ್ನು ಅನುಸರಿಸುತ್ತದೆ. ದಪ್ಪ ಶೇ 4 ಇಳಿದರೆ ಬಿಗಿತ ಶೇ 12 ಇಳಿಯುತ್ತದೆ. ಗೊಂಡೋಲಾ ಬಳಿ ಮಾತು ಕೇಳದ ಬಲಗಾಲಿನ ಕಥೆ ಇದೇ. ಈಗ ಎರಡರ ನಡುವೆ 2 ಮಿ.ಮೀ.ಗಿಂತ ಹೆಚ್ಚು ಅಂತರವಿದ್ದರೆ ಆ ಜೋಡಿಯನ್ನು ನಾನು ಊರು ಬಿಡಿಸುವುದಿಲ್ಲ.

ತಿರುಚುವ ಪರೀಕ್ಷೆಯೂ ಹೀಗೆಯೇ. ನಡುವನ್ನು ಕ್ಲಾಂಪಿನಲ್ಲಿ ಬಿಗಿದು, ಮೂತಿಗೆ ಒಂದು ಅಡಿ ಉದ್ದದ ಕಟ್ಟಿಗೆಯನ್ನು ಅಡ್ಡ ಕಟ್ಟಿ, ಅದರ ತುದಿಗೆ ಎರಡು ಕಿಲೋ ತೂಕ ಹಾಕಿ. ಕಟ್ಟಿಗೆಯ ತುದಿ ಎಷ್ಟು ಇಳಿಯಿತೆಂದು ಎರಡೂ ಸ್ಕೀಗಳಲ್ಲಿ ಹೋಲಿಸಿ. ತಳ ಸಮವಿದೆಯೇ ಎಂದು ನೋಡಲು ಉಕ್ಕಿನ ಪಟ್ಟಿಯನ್ನು ಅಡ್ಡಲಾಗಿ ನಿಲ್ಲಿಸಿ ಹಿಂದಿನಿಂದ ಟಾರ್ಚ್ ಬೆಳಕು ಬಿಡಿ. ನಡುವೆ ಬೆಳಕು ನುಸುಳಿದರೆ ಅಂಚುಗಳು ಎತ್ತರವಾಗಿವೆ, ಅಂಥ ಸ್ಕೀ ಗಟ್ಟಿ ಹಿಮದಲ್ಲಿ ಹಠಾತ್ತನೆ ಕಚ್ಚುತ್ತದೆ. ಅಂಚಿನ ಬಳಿ ಬೆಳಕು ಕಂಡರೆ ತಳ ಉಬ್ಬಿದೆ, ಅದು ತೇಲಾಡುತ್ತದೆ. ತೂಕದಲ್ಲಿ ಎರಡರ ನಡುವೆ 50 ಗ್ರಾಂ ವ್ಯತ್ಯಾಸ ನನಗೆ ನಡೆಯುತ್ತದೆ.

ಮೀನಿನ ಕೋಣೆಯಲ್ಲಿ ಒಂದು ರಾತ್ರಿ

ಶಿರಸಿಯ ಚಳಿಯನ್ನು ನಂಬಿ ಹಿಮಾಲಯಕ್ಕೆ ಹೋಗುವಂತಿಲ್ಲ. ಶೂನ್ಯಕ್ಕಿಂತ ಹತ್ತು ಹದಿನೈದು ಡಿಗ್ರಿ ಕೆಳಗೆ ಕೆಲವು ಎಪಾಕ್ಸಿಗಳು ಗಾಜಿನಂತೆ ಪೆಡಸಾಗುತ್ತವೆ. ಉಕ್ಕು, ಪ್ಲಾಸ್ಟಿಕ್, ಮರ ಮೂರೂ ಚಳಿಗೆ ಕುಗ್ಗುವ ಪ್ರಮಾಣ ಬೇರೆ ಬೇರೆಯಾದ್ದರಿಂದ ಅಂಟಿನ ಮೇಲೆ ಎಳೆತ ಬೀಳುತ್ತದೆ. ಇದನ್ನು ಊರಲ್ಲೇ ನೋಡುವ ದಾರಿ ಕರಾವಳಿಯವರ ಕೈಯಲ್ಲಿದೆ. ಹೆಪ್ಪುಗಟ್ಟಿಸಿದ ಮೀನನ್ನು ಇಡುವ ಕೋಣೆಗಳು ಮೈನಸ್ 18 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿರುತ್ತವೆ.

ಸ್ಕೀ ಅಂಟಿಸುವ ದಿನವೇ, ಅದೇ ಮಿಶ್ರಣದಿಂದ, ಅದೇ ಪದರಗಳಿಂದ ಒಂದು ಗೇಣುದ್ದದ ಮಾದರಿ ತುಂಡುಗಳನ್ನು ನಾಲ್ಕೈದು ಮಾಡಿಟ್ಟುಕೊಳ್ಳಿ. ನಾನು ಅವನ್ನು ಹೊತ್ತು ದೇವಿಮನೆ ಘಟ್ಟ ಇಳಿದು, ಕಾರವಾರದ ಬೈತಖೋಲ ಬಂದರಿನ ಕಡೆಯ ಪರಿಚಯದವರೊಬ್ಬರ ಮೀನಿನ ಕೋಣೆಯಲ್ಲಿ ಬಂಗಡೆ ಪೆಟ್ಟಿಗೆಗಳ ಮೇಲೆ ರಾತ್ರಿ ಪೂರ್ತಿ ಇಟ್ಟೆ. ಬೆಳಿಗ್ಗೆ ಹೊರತೆಗೆದ ಕೂಡಲೇ, ಬೆಚ್ಚಗಾಗುವ ಮೊದಲು, ವೈಸಿನಲ್ಲಿ ಬಿಗಿದು ಬಾಗಿಸಿದೆ. ಒಂದು ತುಂಡು ಸುಮ್ಮನೆ ಬಾಗಿತು. ಬೇರೆ ಬ್ರಾಂಡಿನ ಎಪಾಕ್ಸಿ ಹಾಕಿದ ಇನ್ನೊಂದರಲ್ಲಿ ಹಪ್ಪಳ ಮುರಿದ ಸದ್ದು ಬಂತು. ಉಕ್ಕಿನ ಅಂಚಿನ ಉದ್ದಕ್ಕೂ ಕೂದಲೆಳೆಯ ಬಿಳಿ ಗೆರೆ. ಆ ಡಬ್ಬಿ ಈಗ ದೋಣಿಯ ತೂತು ಮುಚ್ಚುವವರ ಮನೆಯಲ್ಲಿದೆ. ಸಾಧ್ಯವಾದರೆ ಹಗಲು ಬಿಸಿಲು, ರಾತ್ರಿ ಮೀನಿನ ಕೋಣೆ ಎಂದು ಹತ್ತು ಸುತ್ತು ಮಾಡಿ, ಆಮೇಲೆ ಬಾಗಿಸಿ. ಪೂರ್ತಿ ಸ್ಕೀಯನ್ನು ಮಾತ್ರ ಅಲ್ಲಿಡಬೇಡಿ. ವಾಸನೆ ಹೋಗುವುದಿಲ್ಲ, ವಿಮಾನ ನಿಲ್ದಾಣದಲ್ಲಿ ನನ್ನ ಚೀಲ ತೆರೆಸಿದವರ ಮುಖ ಇನ್ನೂ ಕಣ್ಣ ಮುಂದಿದೆ.

ಸ್ಕೀಯನ್ನು ಕಾರವಾರದ ಕಡಲತೀರದ ಮರಳಿನಲ್ಲಿ ಜಾರಿಸಿ ನೋಡಬಾರದೇ ಎಂದು ಕೇಳುವವರಿದ್ದಾರೆ. ಬೇಡ. ಮರಳು ತಳವನ್ನು ಅರದಂತೆ ತಿನ್ನುತ್ತದೆ, ಉಪ್ಪು ಅಂಚನ್ನು ತಿನ್ನುತ್ತದೆ, ತಿಳಿಯುವುದು ಏನೂ ಇಲ್ಲ.

ಬೈಂಡಿಂಗ್ ಎಂದರೆ ಬೂಟನ್ನು ಸ್ಕೀಗೆ ಹಿಡಿದಿಟ್ಟು, ಬಿದ್ದಾಗ ಬಿಟ್ಟುಕೊಡುವ ಸಾಧನ. ಅದನ್ನು ಕೂರಿಸಲು ಲೋಹದ ಪದರವಿಲ್ಲದ ಮರದ ಸ್ಕೀಗೆ ಸಾಮಾನ್ಯವಾಗಿ 3.5 ಮಿ.ಮೀ. ಬಿಟ್, 9 ಮಿ.ಮೀ. ಆಳ. ಬಿಟ್ಟಿಗೆ ತಡೆ ಹಾಕದೆ ಕೊರೆದರೆ ತಳ ತೂತಾಗುತ್ತದೆ. ಮೊದಲು ಮಾದರಿ ತುಂಡಿಗೆ ಒಂದು ಸ್ಕ್ರೂ ಹಾಕಿ, ಅದೊಂದರಿಂದಲೇ 50 ಕಿಲೋ ಅಕ್ಕಿಯ ಚೀಲಗಳನ್ನು ಎರಡು ತೂಗುಹಾಕಿ ನೋಡಿದೆ, ಹಿಡಿಯಿತು. ಸಾಧ್ಯವಿದ್ದರೆ ಬಾಡಿಗೆ ಸ್ಕೀಗಳಲ್ಲಿರುವಂಥ, ಹಿಂದೆ ಮುಂದೆ ಸರಿಸಬಲ್ಲ ಬೈಂಡಿಂಗ್ ಹಾಕಿ. ಯಾಕೆಂದು ಮುಂದೆ ತಿಳಿಯುತ್ತದೆ. ಎಷ್ಟು ಬಲಕ್ಕೆ ಬಿಡಬೇಕೆಂಬ ಹೊಂದಾಣಿಕೆ ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಉದ್ದ, ಸವಾರಿಯ ರೀತಿಯ ಮೇಲೆ ನಿಲ್ಲುತ್ತದೆ. ಅದನ್ನು ತರಬೇತಿ ಪಡೆದವರಿಂದಲೇ ಮಾಡಿಸಿ. ಮರದ ಕೆಲಸದಲ್ಲಿ ಯಾರ ಮಾತನ್ನೂ ಕೇಳದ ನಾನು ಇದರಲ್ಲಿ ತಲೆಬಾಗಿದ್ದೇನೆ. ಮೊಣಕಾಲು ಎರಡೇ ಇವೆ.

ಪ್ರಯಾಣದ ಬಗ್ಗೆ ಎರಡೇ ಮಾತು. ಮೂತಿ ಬಾಲಗಳಿಗೆ ಅಡಿಕೆ ಹಾಳೆ ಸುತ್ತಿ ಕಟ್ಟಿದರೆ ಯಾವ ಥರ್ಮಾಕೋಲೂ ಬೇಡ. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಕಾಶ್ಮೀರದಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಮಾಡಿಸಿಕೊಂಡು ಹೋಗಿ.

ಮೊದಲ ದಿನ ಗಟ್ಟಿ ಹಿಮ

ಗುಲ್ಮಾರ್ಗ ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ. ಗೊಂಡೋಲಾದ ಎರಡನೆಯ ಹಂತ ಅಫರ್ವಾಟ್ ಬೆಟ್ಟದ ಮೇಲೆ ಸುಮಾರು 3,950 ಮೀಟರಿಗೆ ಒಯ್ಯುತ್ತದೆ. ಮೊದಲ ದಿನ ಅದರ ಕಡೆ ನೋಡಲೇಬೇಡಿ. ಕೆಳಗಿನ, ತುಳಿದು ಹದವಾದ ಸಣ್ಣ ಇಳಿಜಾರು ಸಾಕು.

ಕೋಣೆಯಿಂದ ತಂದ ಬೆಚ್ಚಗಿನ ಸ್ಕೀಯನ್ನು ನೇರವಾಗಿ ಹಿಮದ ಮೇಲಿಟ್ಟರೆ ಹಿಮ ಕರಗಿ, ಮತ್ತೆ ಹೆಪ್ಪುಗಟ್ಟಿ ತಳಕ್ಕೆ ಅಂಟುತ್ತದೆ. ಕಾಲು ಗಂಟೆ ಹೊರಗೆ ಒರಗಿಸಿಡಿ. ಅಷ್ಟರಲ್ಲಿ ಒಂದು ಕಪ್ ಕಹ್ವಾ ಮುಗಿಯುತ್ತದೆ. ಇಷ್ಟೇ ಉದ್ದ, ಇಷ್ಟೇ ಅಗಲದ ಕಾರ್ಖಾನೆಯ ಸ್ಕೀಯೊಂದನ್ನು ಬಾಡಿಗೆಗೆ ತೆಗೆದುಕೊಳ್ಳಿ. ಹೋಲಿಸಲು ಏನೂ ಇಲ್ಲದಿದ್ದರೆ ‘ಚೆನ್ನಾಗಿದೆ’ ಎಂಬ ಮಾತಿಗೆ ಅರ್ಥವಿಲ್ಲ. ಹೆತ್ತವರಿಗೆ ಹೆಗ್ಗಣವೂ ಮುದ್ದು.

ಸಣ್ಣ ಇಳಿಜಾರಿನಲ್ಲಿ ಏನನ್ನೂ ಮಾಡದೆ ನೇರವಾಗಿ ಜಾರಿ. ಸ್ಕೀ ಒಂದು ಕಡೆಗೆ ಎಳೆಯುತ್ತಿದೆಯೇ? ಎಳೆದರೆ ನಿಂತು, ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಬದಲಾಯಿಸಿ ಮತ್ತೆ ಜಾರಿ. ಎಳೆತ ಸ್ಕೀಯ ಜೊತೆಗೆ ಇನ್ನೊಂದು ಕಾಲಿಗೆ ಹೋದರೆ ತಪ್ಪು ಸ್ಕೀಯದು. ಮೊದಲಿನ ಕಾಲಿನಲ್ಲೇ ಉಳಿದರೆ ತಪ್ಪು ನಿಮ್ಮ ನಿಲುವಿನದು. ಈ ಒಂದು ಅದಲುಬದಲು ನನಗೆ ಕಲಿಸಿದಷ್ಟನ್ನು ಬೇರೆ ಯಾವ ಪರೀಕ್ಷೆಯೂ ಕಲಿಸಲಿಲ್ಲ. ಆಮೇಲೆ ಅಡ್ಡಲಾಗಿ ನಿಂತು ಪಕ್ಕಕ್ಕೆ ಜಾರಿ; ಅಂಚು ಕಟಕಟನೆ ಕುಣಿದರೆ ತಳ ಸಮವಿಲ್ಲ. ಬೈಂಡಿಂಗ್ ಬಿಡುತ್ತದೆಯೇ ಎಂಬುದನ್ನೂ ನಿಂತಲ್ಲೇ ನೋಡಿಕೊಳ್ಳಿ.

ಆಳಕ್ಕೆ ಇಳಿಯುವ ಮೊದಲು

ಇಲ್ಲಿ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಗುಲ್ಮಾರ್ಗದ ಗೊಂಡೋಲಾ ಕೆಳಗಿನ ಮುಖ್ಯ ಇಳಿಜಾರನ್ನು ಗಸ್ತು ಪಡೆ ನೋಡಿಕೊಳ್ಳುತ್ತದೆ. ಅದರಾಚೆಗೆ ಹಿಮಕುಸಿತಕ್ಕೆ ಯಾರೂ ಹೊಣೆಯಲ್ಲ. ಪದರವಾಗಿ ಕಳಚಿ ಬೀಳುವ ಹಿಮಕುಸಿತಗಳು ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ಅಂದರೆ ಸವಾರರಿಗೆ ಪ್ರಿಯವಾದ ಇಳಿಜಾರಿನಲ್ಲೇ. ಹೂತವರನ್ನು ಹುಡುಕಲು ರೇಡಿಯೋ ಸಂಕೇತ ಕಳಿಸುವ ಬೀಕನ್, ಹಿಮದೊಳಗೆ ಚುಚ್ಚಿ ನೋಡುವ ಪ್ರೋಬ್ ಕೋಲು, ಸಲಿಕೆ ಮೂರೂ ಮೈಮೇಲಿರಬೇಕು, ಜೊತೆಗಾರನ ಬಳಿಯೂ ಇರಬೇಕು, ಇಬ್ಬರಿಗೂ ಬಳಸಲು ಬರಬೇಕು. ಹೂತುಹೋದವನ ಜೀವ ನಿಂತಿರುವುದು ಮೊದಲ ಹತ್ತು ಹದಿನೈದು ನಿಮಿಷಗಳ ಮೇಲೆ. ಮೊಬೈಲು ಬೀಕನ್ನಿನಿಂದ ಕನಿಷ್ಠ 20 ಸೆಂ.ಮೀ. ದೂರವಿರಲಿ, ಹುಡುಕುವಾಗ 50. ದೇವದಾರು ಜಾತಿಯ ಮರಗಳ ಬುಡದಲ್ಲಿ, ಕೊಂಬೆಗಳ ಕೆಳಗೆ, ಸಡಿಲ ಹಿಮದ ಹೊಂಡಗಳಿರುತ್ತವೆ. ತಲೆಕೆಳಗಾಗಿ ಬಿದ್ದವನು ತಾನಾಗಿ ಏಳಲಾರ. ಬೆಳಿಗ್ಗೆ ಹಿಮಕುಸಿತದ ಎಚ್ಚರಿಕೆ ಫಲಕ ನೋಡದೆ ಮೇಲೆ ಹತ್ತಬೇಡಿ, ಸ್ಥಳೀಯ ಮಾರ್ಗದರ್ಶಿಯಿಲ್ಲದೆ ಗಸ್ತಿನ ಗಡಿ ದಾಟಬೇಡಿ. ಸ್ಕೀ ಪರೀಕ್ಷೆಗೆ ಕಡಿದಾದ ಇಳಿಜಾರು ಬೇಕಾಗಿಯೂ ಇಲ್ಲ. 20–25 ಡಿಗ್ರಿಯಲ್ಲೇ ಎಲ್ಲವೂ ತಿಳಿಯುತ್ತದೆ. ಅಂಥ ಇಳಿಜಾರಿನ ತಲೆಯ ಮೇಲೆ ಕಡಿದಾದದ್ದು ಇಲ್ಲವೆಂಬುದನ್ನೂ ನೋಡಿಕೊಳ್ಳಿ.

ಪ್ರತಿ ಸ್ಕೀಗೆ ಎರಡು ಮೀಟರ್ ಉದ್ದದ ಕೆಂಪು ಪಟ್ಟಿ ಕಟ್ಟಿ, ಅದು ಹಿಂದೆ ಹಿಮದ ಮೇಲೆ ಹರಿದು ಬರುವಂತಿರಲಿ. ಕಳಚಿಕೊಂಡ ಸ್ಕೀ ಪುಡಿಹಿಮದೊಳಗೆ ಈಜಿ ಮಾಯವಾಗುತ್ತದೆ. ನಾನು ಕೆಳಗೆ ಹುಡುಕಿ ಹುಡುಕಿ ಸೋತೆ. ಅದು ಇದ್ದದ್ದು ಬಿದ್ದ ಜಾಗಕ್ಕಿಂತ ಮೇಲೆ. ಸಾಮಾನ್ಯವಾಗಿ ಹಾಗೆಯೇ ಆಗುತ್ತದೆಯಂತೆ: ಸ್ಕೀ ನಿಲ್ಲುತ್ತದೆ, ನಾವು ಮುಂದೆ ಹೋಗಿರುತ್ತೇವೆ.

ಪುಡಿಹಿಮದಲ್ಲಿ

ಡಿಸೆಂಬರ್ 21ರಿಂದ ನಲವತ್ತು ದಿನಗಳ ಕಡುಚಳಿಯನ್ನು ಕಾಶ್ಮೀರಿಗಳು ಚಿಲ್ಲೈ ಕಲಾನ್ ಎನ್ನುತ್ತಾರೆ. ಜನವರಿ, ಫೆಬ್ರವರಿಯಲ್ಲಿ ಹೊಸದಾಗಿ ಬಿದ್ದ ಒಣ ಹಿಮ ಒಂದು ಘನ ಮೀಟರಿಗೆ ನೂರು ಕಿಲೋ ಕೂಡ ತೂಗುವುದಿಲ್ಲ. ಅದೇ ಜಾಗ ತುಂಬುವ ನೀರಾದರೆ ಸಾವಿರ ಕಿಲೋ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗದೆ, ಹುರಿಯಕ್ಕಿ ಹಿಟ್ಟಿನಂತೆ ಬೆರಳ ಸಂದಿಯಿಂದ ಉದುರುತ್ತದೆ.

ಮೊದಲ ಇಳಿತ ಬಾಡಿಗೆಯ ಸ್ಕೀಯಲ್ಲಿ, ಎರಡನೆಯದು ನಿಮ್ಮದರಲ್ಲಿ, ಮೂರನೆಯದು ಮತ್ತೆ ಬಾಡಿಗೆಯದರಲ್ಲಿ. ಬಿಸಿಲು ಏರುತ್ತಿದ್ದಂತೆ ಹಿಮ ಬದಲಾಗುತ್ತದೆ, ಕಾಲು ದಣಿಯುತ್ತದೆ. ಹಾಗಾಗಿ ಕೊನೆಗೊಮ್ಮೆ ಬಾಡಿಗೆಯದಕ್ಕೆ ಮರಳದಿದ್ದರೆ ಬದಲಾದದ್ದು ಸ್ಕೀಯೋ ಹಿಮವೋ ಗೊತ್ತಾಗುವುದಿಲ್ಲ. ಬೂಟು ಅದೇ ಇರಲಿ.

ನೇರವಾಗಿ ಇಳಿಯುತ್ತಾ, ಎರಡೂ ಪಾದಗಳ ಮೇಲೆ ಸಮನಾಗಿ ನಿಂತು, ಮೂತಿಗಳನ್ನು ಗಮನಿಸಿ. ವೇಗ ಬಂದಂತೆ ಅವು ತಾವಾಗಿ ಮೇಲೆದ್ದು ಹಿಮದ ಮೇಲ್ಮೈಯಲ್ಲಿ ಇಣುಕಬೇಕು. ಏಳದೆ ಒಳಗೇ ಮುಳುಗುತ್ತಿದ್ದರೆ ನೀವು ನಿಮಗರಿವಿಲ್ಲದೆ ಹಿಂದಕ್ಕೆ ವಾಲುತ್ತೀರಿ. ಮೂರನೆಯ ಇಳಿತಕ್ಕೆ ತೊಡೆ ಉರಿಯುತ್ತದೆ. ತೊಡೆಯ ಉರಿಯನ್ನು ನಾನು ಅಳತೆಗೋಲಾಗಿಯೇ ಬಳಸುತ್ತೇನೆ. ಸರಿಸಬಲ್ಲ ಬೈಂಡಿಂಗ್ ಬೇಕೆಂದದ್ದು ಇದಕ್ಕೇ: ಅದನ್ನು ಒಂದು ಸೆಂಟಿಮೀಟರ್ ಹಿಂದಕ್ಕೆ ಸರಿಸಿ, ಬೇರೇನನ್ನೂ ಮುಟ್ಟದೆ, ಅದೇ ಇಳಿಜಾರಿನಲ್ಲಿ ಮತ್ತೆ ಇಳಿಯಿರಿ. ಸರಿಸಿದ ಪ್ರತಿ ಸಲವೂ ಬೈಂಡಿಂಗ್ ಬೂಟನ್ನು ಒತ್ತಿ ಹಿಡಿಯುವ ಒತ್ತಡ ಸರಿಯಿದೆಯೇ ಎಂದು ನೋಡಿಸಿಕೊಳ್ಳಿ. ನನ್ನ ಎರಡನೆಯ ಜೋಡಿ ಹೀಗೆ ಎರಡು ಸೆಂಟಿಮೀಟರ್ ಹಿಂದೆ ಹೋದರೂ ಮುಳುಗಿತು. ಮೂತಿಯೇ ಬಿಗಿಯಾಗಿತ್ತು, ಮೂರನೆಯ ಜೋಡಿಯಲ್ಲಿ ಆಚಾರಿಯವರು ಅಲ್ಲಿನ ತಿರುಳನ್ನು ಎರಡು ಮಿಲಿಮೀಟರಿನವರೆಗೆ ಕೀಸಿ ತೆಳುಮಾಡಿದರು.

ಮುಂದೆ ದೊಡ್ಡ ತಿರುವುಗಳು, ಆಮೇಲೆ ಚಿಕ್ಕವು. ತಿರುವಿನ ಕೊನೆಯಲ್ಲಿ ಬಾಲ ಹಿಮದಿಂದ ಸಲೀಸಾಗಿ ಬಿಡಿಸಿಕೊಳ್ಳುತ್ತದೆಯೇ, ಇಲ್ಲವೇ ಹಳಿಯ ಮೇಲೆ ಕೂತಂತೆ ತನ್ನ ದಾರಿಯಲ್ಲೇ ಎಳೆಯುತ್ತದೆಯೇ? ಎಳೆದರೆ ಮೂತಿ ಬಾಲಗಳ ಕೊನೆಯ ಒಂದು ಗೇಣಿನಷ್ಟು ಅಂಚನ್ನು ಅರದಿಂದ ಮೊಂಡು ಮಾಡಿ. ಒಮ್ಮೆಗೆ ಸ್ವಲ್ಪ; ತೆಗೆದದ್ದನ್ನು ಹಾಕಲು ಬರುವುದಿಲ್ಲ. ಜೊತೆಗಾರ ಕೆಳಗೆ ನಿಂತು ನಿಧಾನಗತಿಯ ವಿಡಿಯೋ ತೆಗೆದರೆ, ನಮಗೆ ತಿಳಿಯದ ಸಂಗತಿ ಕಾಣುತ್ತದೆ. ನನ್ನ ಒಂದು ವಿಡಿಯೋದಲ್ಲಿ ಎಡ ಮೂತಿ ಹಾವಿನ ಹೆಡೆಯಂತೆ ಸ್ಥಿರವಾಗಿದ್ದರೆ ಬಲದ್ದು ಬಾಳೆಲೆಯಂತೆ ಬಡಿದುಕೊಳ್ಳುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಹಾದು ಹಿಮ ಗುಡ್ಡೆಗುಡ್ಡೆಯಾಗಿರುತ್ತದೆ. ಹೆಚ್ಚಿನವರು ಆಗ ಚಹಾಕ್ಕೆ ಹೋಗುತ್ತಾರೆ. ಪರೀಕ್ಷೆ ಮಾಡುವವರು ಹೋಗಬಾರದು. ಸ್ಕೀ ಒಂದು ಗುಡ್ಡೆಗೆ ಬಡಿದಾಗ ಅದನ್ನು ಸೀಳಿ ಹೋಗುತ್ತದೆಯೋ, ಅಡ್ಡಕ್ಕೆ ಸಿಡಿಯುತ್ತದೆಯೋ, ಬಡಿತ ಮೊಣಕಾಲಿನವರೆಗೆ ಬರುತ್ತದೆಯೋ ಎಂಬುದು ಇಲ್ಲಿಯೇ ಗೊತ್ತಾಗುವುದು. ಬಿದಿರಿನ ತಿರುಳಿಗೆ ಮನಸೋತದ್ದು ನಾನು ಇಂಥ ಮಧ್ಯಾಹ್ನಗಳಲ್ಲಿ.

ಪ್ರತಿ ಇಳಿತದ ನಂತರ ಎರಡು ಸಾಲು ಬರೆಯಿರಿ, ಪೆನ್ಸಿಲಿನಲ್ಲಿ. ಚಳಿಗೆ ಪೆನ್ನಿನ ಶಾಯಿ ಬರುವುದಿಲ್ಲ, ಮೊಬೈಲಿನ ಬ್ಯಾಟರಿ ಸಾಯುತ್ತದೆ, ರಾತ್ರಿಯ ಹೊತ್ತಿಗೆ ಎಲ್ಲ ಇಳಿತಗಳೂ ನೆನಪಿನಲ್ಲಿ ಒಂದೇ ಆಗಿರುತ್ತವೆ.

ಸಂಜೆ ಸ್ಕೀಯನ್ನು ಬಟ್ಟೆಯಿಂದ ಒರೆಸಿ, ಮತ್ತೆ ನಾಣ್ಯ ತೆಗೆದುಕೊಂಡು ಬಡಿಯಿರಿ. ಊರಲ್ಲಿ ಹಾಕಿದ ಪೆನ್ಸಿಲ್ ಸುತ್ತು ದೊಡ್ಡದಾಗಿದೆಯೇ ನೋಡಿ. ಅಂಚು ಎಲ್ಲಾದರೂ ಎದ್ದಿದ್ದರೆ ಅಲ್ಲಿಂದ ನೀರು ಒಳಹೊಕ್ಕು, ಹೆಪ್ಪುಗಟ್ಟಿ, ಹಿಗ್ಗಿ ಪದರವನ್ನು ಇನ್ನಷ್ಟು ಬಿಡಿಸುತ್ತದೆ. ಅಂಥ ಸ್ಕೀ ಮರುದಿನ ಹೊರಡಬಾರದು. ಕೋಣೆಯಲ್ಲಿ ಉರಿಯುವ ಬುಖಾರಿ ಒಲೆಯ ಪಕ್ಕ ಒರಗಿಸುವ ಆಸೆಯಾಗುತ್ತದೆ. ಬೇಡ. ಮನೆಯ ಬಿಸಿಯಲ್ಲೇ ಗಟ್ಟಿಯಾದ ಎಪಾಕ್ಸಿ ಅಂಥ ಶಾಖಕ್ಕೆ ಮೆದುವಾಗಿ, ಸ್ಕೀ ಬೆಳಗಾಗುವಷ್ಟರಲ್ಲಿ ತನ್ನ ಬಾಗು ಮರೆತಿರುತ್ತದೆ.

ಊರಿಗೆ ಬಂದ ಮೇಲೆ ಉಕ್ಕಿನ ಅಂಚಿನ ಮೇಲೆ ದಪ್ಪಗೆ ಮೇಣ ಬಳಿದು, ಒಣ ಅಟ್ಟದ ಮೇಲೆ ಇಡಿ. ಕಾರವಾರ, ಕುಮಟಾದ ಕಡೆಯವರು ಇದನ್ನು ಬಂದ ದಿನವೇ ಮಾಡಬೇಕು. ಉಪ್ಪು ಗಾಳಿ ನಾಳೆಯವರೆಗೆ ಕಾಯುವುದಿಲ್ಲ.

ಕೆಟ್ಟ ಸ್ಕೀಯನ್ನು ಬಿಸಾಡುವ ಮೊದಲು ಗರಗಸದಿಂದ ಕೊಯ್ದು ನೋಡಿ. ನನ್ನ ಮೊದಲ ಜೋಡಿಯ ಬಾಲವನ್ನು ಆಚಾರಿಯವರ ಅಂಗಳದಲ್ಲಿ ನಾಲ್ಕು ಕಡೆ ಅಡ್ಡ ಕೊಯ್ದೆವು. ಮೂರು ಕೊಯ್ತಗಳಲ್ಲಿ ಮರ, ಗಾಜು, ಅಂಟು ಒಂದೇ ಗಟ್ಟಿಯಾಗಿದ್ದವು. ನಾಲ್ಕನೆಯದರಲ್ಲಿ ತಿರುಳಿಗೂ ಬಟ್ಟೆಗೂ ನಡುವೆ ಮಜ್ಜಿಗೆಯ ಬಣ್ಣದ ಗೆರೆಯೊಂದು, ಉಗುರು ಹಾಕಿದರೆ ಮೇಣದಂತೆ ಏಳುವಂಥದ್ದು. ಪೆನ್ಸಿಲ್ ಸುತ್ತು ಇದ್ದದ್ದು ಸರಿಯಾಗಿ ಅದರ ಮೇಲೆ. ಆಚಾರಿಯವರು ಕನ್ನಡಕ ಏರಿಸಿ ನೋಡಿದರು, ಏನೂ ಹೇಳಲಿಲ್ಲ. ಉಳಿದ ಮುಂದಿನ ಅರ್ಧ ಈಗ ಅವರ ಗೋಡೆಯಲ್ಲಿ ಉಳಿಗಳನ್ನಿಡುವ ಹಲಗೆಯಾಗಿದೆ.